ಹಳತು ಹೊಸತುಗಳ ಹೊಂದಾಣಿಕೆ

ಭಾಷೆಯು ಕಾಲಕ್ರಮದಲ್ಲಿ ಮಾರ್ಪಡುವುದೆಂಬುದು ವ್ಯಾಕರಣವನ್ನು ಬಲ್ಲವರಿಗೆ ಹೊಸ ಸಂಗತಿಯೇನೂ ಅಲ್ಲ. ಹಳಗನ್ನಡದ ‘ಪಾಲ್’ ಎಂಬುದು ‘ಹಾಲು’ ಆಯಿತು. ‘ಪೂ’ ಎಂಬುದು ‘ಹೂ’ ಆಯಿತು. ೞಕಾರವು ಬಹುಮಟ್ಟಿಗೆ ಳಕಾರದಲ್ಲಿ ಲೀನವಾಯಿತು. ಆದರೆ ಇಂತಹ ದಿನದಿಂದ ಪಕಾರವನ್ನು ಬಿಟ್ಟು ಹಕಾರವನ್ನು ಹಿಡಿಯತಕ್ಕದ್ದೆಂದು ಡಂಗುರ ಹೊಯ್ಸಿದವರು ಯಾರೂ ಇಲ್ಲ. ಅಜ್ಜಿಯು ಹಳೆಯ ರೂಪವನ್ನಾಡಿದರೂ ಮೊಮ್ಮಗನು ಹೊಸ ರೂಪವನ್ನಾಡಿದರೂ ಒಲೆಯ ಮೇಲಿನ ಪಾತ್ರೆಯಲ್ಲಿದ್ದುದು ಅದೇ ಹಾಲು. ಕೇಳುವವನಿಗೆ ಬುದ್ಧಿಯಿರುವುದರಿಂದ ಆಡುವವನ ತಪ್ಪು ಸರಿಹೋಗುತ್ತದೆ.

ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಗಣಕಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳು ಒಂದು ಗೊತ್ತಾದ ದಿನದಲ್ಲಿ ಬದಲಾಗುತ್ತವೆ. ಆ ದಿನದ ಮೊದಲು ಸಾಧುವಾಗಿದ್ದ ಪ್ರಯೋಗವು ಮರುದಿನ ಅಸಾಧುವಾಗುತ್ತದೆ. ಅಸಾಧುವಾದರೂ ಚಿಂತೆಯಿಲ್ಲ, ಕೆಲವು ವೇಳೆ ಅದೇ ಮಾತು ಸಾಧುವಾಗಿಯೇ ಉಳಿದು ಅರ್ಥಮಾತ್ರ ಬೇರೆಯಾಗುತ್ತದೆ. ಇದರಿಂದ ಉಂಟಾಗುವ ಕಷ್ಟಗಳೆಷ್ಟು, ಅವುಗಳನ್ನು ನಿವಾರಿಸಿಕೊಳ್ಳುವ ಕ್ರಮವೇನು ಎಂಬುದು ಸಾಹಿತ್ಯಾಸಕ್ತರಿಗೂ ತಿಳಿದಿರತಕ್ಕ ವಿಷಯ. ಏಕೆಂದರೆ ಈಗ ಗ್ರಂಥಗಳ ಪಟ್ಟಿ, ಊರಿನ ಲೆಕ್ಕ, ಸಂಘಗಳ ದಾಖಲೆ, ಎಲ್ಲವೂ ಆ ಯಂತ್ರದ ವಶದಲ್ಲಿವೆ.

ಪೈಥಾನ್ ಎಂಬ ಭಾಷೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಾಲೆಂಡ್ ದೇಶದ ಗೀಡೊ ವಾನ್ ರಾಸಮ್ ಎಂಬುವರು ಇದನ್ನು 1991ರಲ್ಲಿ ಲೋಕಕ್ಕೆ ಕೊಟ್ಟರು. 2008ರ ಡಿಸೆಂಬರಿನಲ್ಲಿ ಇದರ ಮೂರನೆಯ ಆವೃತ್ತಿಯು ಹೊರಬಂದಿತು. ಹಿಂದಿನ ಎರಡನೆಯ ಆವೃತ್ತಿಗೆ ಬರೆದ ಪ್ರೋಗ್ರಾಂಗಳು ಹೊಸದರಲ್ಲಿ ಹಾಗೆಯೇ ನಡೆಯಲಾರವೆಂಬುದನ್ನು ಅರಿತೇ ಅದನ್ನು ರಚಿಸಿದ್ದರು. ವರ್ಷಗಳಿಂದ ಕೂಡಿಕೊಂಡು ಬಂದಿದ್ದ ದೋಷಗಳನ್ನು ಒಮ್ಮೆಗೇ ತಿದ್ದಬೇಕೆಂಬುದು ಅವರ ಸಂಕಲ್ಪ.

ಬದಲಾವಣೆಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಕೂಗಿ ಹೇಳುವ ಬದಲಾವಣೆ. ತೆರೆಯ ಮೇಲೆ ಮಾತನ್ನು ಮೂಡಿಸುವ ‘ಪ್ರಿಂಟ್’ ಎಂಬ ಆಜ್ಞೆಯ ಮುಂದೆ ಹಿಂದೆ ಆವರಣಚಿಹ್ನೆ ಬೇಕಿರಲಿಲ್ಲ, ಈಗ ಬೇಕು. ಹಾಕದಿದ್ದರೆ ಯಂತ್ರವು ಕೂಡಲೇ ನಿಂತು ದೂರುತ್ತದೆ. ಇದನ್ನು ತಿದ್ದುವುದು ಸುಲಭ. ಎರಡನೆಯದು ಮೌನವಾಗಿ ನಡೆಯುವ ಬದಲಾವಣೆ. ಹಳೆಯ ಆವೃತ್ತಿಯಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು, ಶೇಷವು ಬಿಟ್ಟುಹೋಗುತ್ತಿತ್ತು, ಹೊಸದರಲ್ಲಿ 3.5 ಬರುತ್ತದೆ. ಪೂರ್ಣಾಂಕವೇ ಬೇಕಾದವನು ಒಂದು ಓರೆಗೆರೆಯ ಬದಲು ಎರಡನ್ನು ಹಾಕಬೇಕು. ಇಲ್ಲಿ ಯಂತ್ರವು ದೂರುವುದಿಲ್ಲ, ನಿಲ್ಲುವುದಿಲ್ಲ. ಬೇರೆ ಉತ್ತರವನ್ನು ಶಾಂತವಾಗಿ ಕೊಟ್ಟು ಮುಂದಕ್ಕೆ ಹೋಗುತ್ತದೆ. ಜಗಳವಾಡಿ ಮನೆ ಬಿಡುವ ಆಳಿಗಿಂತ ಮಾತಾಡದೆ ಲೆಕ್ಕ ತಪ್ಪಿಸುವ ಆಳು ಹೆಚ್ಚು ಅಪಾಯಕಾರಿಯೆಂಬುದನ್ನು ಗೃಹಸ್ಥರು ಬಲ್ಲರಷ್ಟೆ.

ಮೂರನೆಯದು ಅಕ್ಷರಕ್ಕೆ ಸಂಬಂಧಿಸಿದುದು. ಕನ್ನಡಿಗರಿಗೆ ಇದೇ ಮುಖ್ಯ. ಯಂತ್ರವು ಅಕ್ಷರಗಳನ್ನು ಬೈಟ್ ಎಂಬ ಸಂಖ್ಯೆಗಳ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಈಗ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತು ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು. ಬೈಟುಗಳ ಲೆಕ್ಕದಲ್ಲಿ ಹದಿನೈದು. ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ಬರೆದ ಮಾತಿನ ಉದ್ದವನ್ನು ಕೇಳಿದರೆ ಹದಿನೈದು ಎನ್ನುತ್ತಿತ್ತು. ಮೂರನೆಯದು ಐದು ಎನ್ನುತ್ತದೆ. ಹಳೆಯದರಲ್ಲಿ ಆ ಮಾತಿನ ಮೊದಲ ಹತ್ತನ್ನು ಕತ್ತರಿಸಿ ತೆಗೆದರೆ ಅಕ್ಷರವೊಂದರ ನಡುವೆಯೇ ಕತ್ತರಿಯಾಡಿ ವಿರೂಪವು ಮೂಡುತ್ತಿತ್ತು.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಹಳೆಯ ಆವೃತ್ತಿಯು ಬೈಟುಗಳನ್ನೂ ಅಕ್ಷರಗಳನ್ನೂ ಒಂದರೊಡನೊಂದು ಬೆರೆಯಗೊಡುತ್ತಿತ್ತು. ಇಂಗ್ಲಿಷ್ ಹೆಸರುಗಳು ಬರುವವರೆಗೂ ಎಲ್ಲವೂ ಸುಸೂತ್ರ. ಕನ್ನಡದ, ತಮಿಳಿನ ಅಥವಾ ರಷ್ಯನ್ ಭಾಷೆಯ ಒಂದು ಹೆಸರು ಬಂದಿತೆಂದರೆ ಪ್ರೋಗ್ರಾಂ ಮುಗ್ಗರಿಸಿ ಬೀಳುತ್ತಿತ್ತು. ಬರೆದವನ ಮನೆಯಲ್ಲಿ ತಲೆಯೆತ್ತದ ದೋಷವು ಬಳಸುವವನ ಮನೆಯಲ್ಲಿ ತಲೆಯೆತ್ತುತ್ತಿತ್ತು. ಮೂರನೆಯ ಆವೃತ್ತಿಯು ಇವೆರಡನ್ನೂ ಬೇರೆ ಬೇರೆ ಜಾತಿಯ ವಸ್ತುಗಳೆಂದು ನಿರ್ಣಯಿಸಿ, ಬೆರಸಹೋದವನನ್ನು ಮೊದಲ ದಿನವೇ ತಡೆಯಿತು. ಆದಕಾರಣ ಈ ಮಾರ್ಪಾಟಿನ ಕಷ್ಟವು ಎಲ್ಲರಿಗೂ ಬಂದರೂ ಅದರ ಫಲವು ವಿಶೇಷವಾಗಿ ಇಂಗ್ಲಿಷೇತರ ಭಾಷೆಗಳವರಿಗೆ ಸೇರಿತು. ನಷ್ಟವನ್ನು ಮಾತ್ರ ಎಣಿಸಿ ಹೊಸತನ್ನು ಹಳಿಯುವವರು ಇದನ್ನು ಮರೆಯಬಾರದು.

ಆದರೂ ಲೋಕವು ಒಡನೆಯೇ ಹೊಸತಿಗೆ ಹಾಯಲಿಲ್ಲ. ಒಬ್ಬನ ಪ್ರೋಗ್ರಾಂ ಹತ್ತು ಜನರ ಲೈಬ್ರರಿಗಳ ಮೇಲೆ ನಿಂತಿರುತ್ತದೆ. ಆ ಹತ್ತರಲ್ಲಿ ಒಂದು ಹಳೆಯದಾಗಿಯೇ ಉಳಿದರೂ ಇವನು ಕಾಲು ಕೀಳುವಂತಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ಕುಳಿತರು. ಎರಡನೆಯ ಆವೃತ್ತಿಯ ಪೋಷಣೆಯನ್ನು 2015ರಲ್ಲಿ ನಿಲ್ಲಿಸುವುದೆಂದಿದ್ದ ನಿಶ್ಚಯವನ್ನು 2014ರಲ್ಲಿ ತಿದ್ದಿ 2020ಕ್ಕೆ ಮುಂದೂಡಬೇಕಾಯಿತು. ಮೊದಮೊದಲು, ಹಳೆಯ ಬರಹವನ್ನು ಹೊಸದಕ್ಕೆ ಒಂದೇ ಸಲಕ್ಕೆ ಪರಿವರ್ತಿಸುವ ಉಪಕರಣವೊಂದು ಸಾಕೆಂದು ತಿಳಿದಿದ್ದರು. ಅನುಭವದಲ್ಲಿ ಕಂಡುದು ಬೇರೆ. ಲೈಬ್ರರಿಗಳನ್ನು ಬರೆಯುವವರಿಗೆ ಎರಡು ಆವೃತ್ತಿಗಳಲ್ಲಿಯೂ ನಡೆಯುವ ಒಂದೇ ಪಾಠವು ಬೇಕಾಗಿತ್ತು. ‘ಸಿಕ್ಸ್’ ಎಂಬ ಚಿಕ್ಕ ಲೈಬ್ರರಿಯು ಆ ಸೇತುವೆಯ ಕೆಲಸವನ್ನು ಮಾಡಿತು. ಎರಡನ್ನು ಮೂರರಿಂದ ಗುಣಿಸಿದರೆ ಆರಾಗುವುದರಿಂದ ಅದಕ್ಕೆ ಆ ಹೆಸರು. 2012ರಲ್ಲಿ ಬಂದ 3.3ನೆಯ ಆವೃತ್ತಿಯು, ತೆಗೆದುಹಾಕಿದ್ದ ಒಂದು ಹಳೆಯ ಅಕ್ಷರಸಂಕೇತವನ್ನು ಸೇತುವೆಗೆ ಅನುಕೂಲವಾಗಲೆಂದೇ ಮರಳಿ ಸ್ವೀಕರಿಸಿತು. ನೆಗೆಯಿರೆಂದು ಹೇಳುವುದಕ್ಕಿಂತ ಹಲಗೆಯೊಂದನ್ನು ಹಾಸಿಕೊಡುವುದು ಮೇಲೆಂಬ ವಿವೇಕವು ಹೀಗೆ ತಡವಾಗಿಯಾದರೂ ಉದಯಿಸಿತು. ಎರಡನೆಯ ಆವೃತ್ತಿಯ ಕೊನೆಯ ಬಿಡುಗಡೆಯಾದ 2.7.18 ಎಂಬುದು 2020ರ ಏಪ್ರಿಲಿನಲ್ಲಿ ಹೊರಬಂದು ಆ ಅಧ್ಯಾಯವು ಮುಗಿಯಿತು.

ಭಾಷೆಯ ಮೇಲೆ ಫ್ರೇಮ್‌ವರ್ಕ್ ಎಂಬ ಇನ್ನೊಂದು ಕಟ್ಟಡವಿದೆ. ತೊಟ್ಟಿಮನೆಯಲ್ಲಿ ಕಂಬ ತೊಲೆಗಳನ್ನು ಬಡಗಿಯು ಮೊದಲೇ ನಿಲ್ಲಿಸಿಕೊಟ್ಟರೆ ಯಜಮಾನನು ಗೋಡೆಯೆಬ್ಬಿಸಿ ಕೋಣೆಗಳನ್ನು ಮಾಡಿಕೊಳ್ಳುವಂತೆ, ಎಲ್ಲರಿಗೂ ಬೇಕಾದ ಸಾಮಾನ್ಯಾಂಶಗಳನ್ನು ಫ್ರೇಮ್‌ವರ್ಕ್ ಒದಗಿಸುತ್ತದೆ; ತನ್ನ ವಿಶೇಷಾಂಶವನ್ನಷ್ಟೆ ಬಳಕೆದಾರನು ಬರೆಯುತ್ತಾನೆ. ಪೈಥಾನಿನಲ್ಲಿ ಜ್ಯಾಂಗೊ ಎಂಬುದು ಇಂತಹುದು. ಇದರ 1.11ನೆಯ ಆವೃತ್ತಿಯು 2017ರ ಏಪ್ರಿಲಿನಲ್ಲಿ ಬಂದಿತು. ಹಳೆಯ ಪೈಥಾನ್, ಹೊಸ ಪೈಥಾನ್ ಎರಡರಲ್ಲಿಯೂ ನಡೆಯುವ ಕೊನೆಯ ಆವೃತ್ತಿ ಇದೇ. ಅದೇ ವರ್ಷದ ಡಿಸೆಂಬರಿನ 2.0 ಹಳೆಯದನ್ನು ತೊರೆಯಿತು.

ಒಂದು ಸಣ್ಣ ಊರಿನ ವಾಚನಾಲಯವನ್ನು ವಾಚಕರು ಊಹಿಸಿಕೊಳ್ಳಬಹುದು. ಅದರ ಗ್ರಂಥಗಳ ಪಟ್ಟಿಯನ್ನು ಉತ್ಸಾಹಿಯಾದ ತರುಣನೊಬ್ಬನು ಜ್ಯಾಂಗೊವಿನ ಹಳೆಯ ಆವೃತ್ತಿಯಲ್ಲಿ ಬರೆದುಕೊಟ್ಟು ಪರಸ್ಥಳಕ್ಕೆ ಹೋದನು. ವರ್ಷಗಳ ಮೇಲೆ ಯಂತ್ರವು ಕೆಟ್ಟು ಹೊಸದು ಬಂದಿತು. ಹಳೆಯ ಪೈಥಾನ್ ಅದರಲ್ಲಿಲ್ಲ. ಕೆಲಸವು ಇನ್ನೊಬ್ಬ ತರುಣನ ಪಾಲಿಗೆ ಬಿದ್ದಿತು. ಅವನು ಕಾರ್ಯದರ್ಶಿಗಳಾದ ರಾಯರ ಎದುರಿಗೆ ಪಟ್ಟಿಯನ್ನು ತೆರೆಯಲು, ಕನ್ನಡದ ಒಂದು ಹೆಸರೂ ಇಲ್ಲ. ಸಾಲುಸಾಲಿಗೂ ‘ಬುಕ್ ಆಬ್ಜೆಕ್ಟ್’ ಎಂಬ ಒಂದೇ ಮಾತು.

“ಏನಪ್ಪಾ ಇದು, ಪುಸ್ತಕಗಳೆಲ್ಲ ಹೋದವೇ?” ಎಂದು ರಾಯರು ಗಾಬರಿಯಿಂದ ಕೇಳುವರು.

“ಇಲ್ಲ ರಾಯರೇ, ಒಂದೂ ಹೋಗಿಲ್ಲ. ಹೆಸರು ಹೇಳು ಎಂದು ಕೇಳುವ ರೀತಿ ಬದಲಾಗಿದೆ, ಅಷ್ಟೆ” ಎಂದು ಅವನು ಸಮಾಧಾನ ಹೇಳುವನು.

ಅವನ ಮಾತು ನಿಜ. ಹಳೆಯ ಪೈಥಾನಿನಲ್ಲಿ ವಸ್ತುವಿನ ಹೆಸರನ್ನು ಹೇಳುವ ವಿಧಿಗೆ ‘ಯೂನಿಕೋಡ್’ ಎಂದು ನಾಮಕರಣ ಮಾಡುವುದು ವಾಡಿಕೆ. ಹೊಸದು ಆ ವಿಧಿಯನ್ನು ಕರೆಯುವುದೇ ಇಲ್ಲ; ‘ಸ್ಟ್ರಿಂಗ್’ ಎಂಬರ್ಥದ ಬೇರೆ ವಿಧಿಯನ್ನು ಕರೆಯುತ್ತದೆ. ಅದು ದೊರೆಯದಿರಲು ಸಾಮಾನ್ಯನಾಮವನ್ನು ಹೇಳಿ ಸುಮ್ಮನಾಗುತ್ತದೆ. ಒಳಗಣ ದತ್ತಾಂಶವು ಅಕ್ಷತ. ವಿಧಿಯ ಹೆಸರನ್ನು ತಿದ್ದಿದರೆ ಗ್ರಂಥಗಳ ಹೆಸರುಗಳೆಲ್ಲ ಮರಳಿ ಕಾಣಿಸುತ್ತವೆ. ಆದರೆ ಅದೇ ಪಟ್ಟಿಯಲ್ಲಿ ತಡವಾಗಿ ಹಿಂದಿರುಗಿದ ಪುಸ್ತಕಕ್ಕೆ ವಾರಕ್ಕೊಂದು ರೂಪಾಯಿಯ ದಂಡವಿದ್ದಿತೆನ್ನಿ. ಹತ್ತು ದಿನಗಳನ್ನು ಏಳರಿಂದ ಭಾಗಿಸಿದರೆ ಮೊದಲು ಒಂದು ರೂಪಾಯಿ. ಈಗ ಒಂದು ರೂಪಾಯಿ ನಲವತ್ತೆರಡು ಪೈಸೆಗೂ ಮೇಲೆ. ಇದನ್ನು ಕಂಡು ಗಾಬರಿಗೊಳ್ಳುವವರಿಲ್ಲ; ಆದುದರಿಂದಲೇ ಇದನ್ನು ಹುಡುಕಿ ತೆಗೆಯಬೇಕು.

ಮೂರನೆಯದೊಂದು ತೊಡಕು ಒಳ್ಳೆಯ ಪಾಠವಾಗಿದೆ. ಗ್ರಂಥವು ಗ್ರಂಥಕರ್ತನಿಗೆ ಸೇರಿದುದೆಂದು ಪಟ್ಟಿಯಲ್ಲಿ ಸಂಬಂಧವನ್ನು ಕಟ್ಟಿರುತ್ತಾರೆ. ಗ್ರಂಥಕರ್ತನ ಹೆಸರನ್ನು ಅಳಿಸಿದರೆ ಅವನ ಗ್ರಂಥಗಳ ಗತಿಯೇನು? ಹಳೆಯ ಜ್ಯಾಂಗೊ ಕೇಳುತ್ತಿರಲಿಲ್ಲ. ಬೇರೆ ಹೇಳದಿದ್ದರೆ ಅವುಗಳನ್ನೂ ಅಳಿಸಿಬಿಡುತ್ತಿತ್ತು. 2.0ರಿಂದೀಚೆಗೆ ಉತ್ತರವನ್ನು ಬರೆದ ಹೊರತು ಪ್ರೋಗ್ರಾಂ ನಡೆಯುವುದೇ ಇಲ್ಲ. ತಡೆಯೆಂದು ತೋರುವ ಈ ನಿರ್ಬಂಧವು ವಾಸ್ತವವಾಗಿ ಒಂದು ಪ್ರಶ್ನೆ. ಮೊದಲನೆಯ ತರುಣನು ಆಲೋಚಿಸದೆ ಬಿಟ್ಟುದನ್ನು ಎರಡನೆಯವನು ಆಲೋಚಿಸಬೇಕಾಗಿ ಬರುವುದು ಊರಿಗೆ ಲಾಭವೇ.

ಇನ್ನು ನಿವಾರಣೆಯ ಕ್ರಮ. ಮೊದಲು, ಯಾವ ಯಾವ ಲೈಬ್ರರಿಯ ಎಷ್ಟನೆಯ ಆವೃತ್ತಿಯು ಬಳಕೆಯಲ್ಲಿದೆಯೆಂಬುದನ್ನು ನಿಖರವಾಗಿ ಬರೆದಿಡಬೇಕು. ದತ್ತಾಂಶದ ಪ್ರತಿಯೊಂದನ್ನು ಬೇರೆಡೆ ಇರಿಸಬೇಕು. ಮೂಲವನ್ನು ಮುಟ್ಟದೆ ಪ್ರತ್ಯೇಕ ಸ್ಥಳದಲ್ಲಿ ಪ್ರಯೋಗ ಮಾಡಬೇಕು. ಈಗಿರುವ ನಡೆವಳಿಯು ಹೇಗಿದೆಯೋ ಹಾಗೆಯೇ ಇದೆಯೆಂದು ಪರೀಕ್ಷಿಸುವ ಚಿಕ್ಕ ಪ್ರೋಗ್ರಾಂಗಳನ್ನು ಬರೆದುಕೊಳ್ಳಬೇಕು. ಮೌನದೋಷವನ್ನು ಹಿಡಿಯಲು ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ. ಪರೀಕ್ಷೆಗೆ ಕೊಡುವ ಹೆಸರುಗಳು ಕನ್ನಡದವೇ ಆಗಿರತಕ್ಕದ್ದು. ಆಮೇಲೆ ಮೆಟ್ಟಲುಮೆಟ್ಟಲಾಗಿ ಏರಬೇಕು: 1.8ರಿಂದ 1.11ಕ್ಕೆ, ಅಲ್ಲಿ ಎರಡು ದಡಗಳೂ ಕೈಗೆಟಕುವುದರಿಂದ ಪೈಥಾನನ್ನು ಆ ಸೇತುವೆಯ ಮೇಲೆಯೇ ಬದಲಾಯಿಸಿಕೊಳ್ಳಬೇಕು, ಬಳಿಕ 2.2, 3.2, 4.2. ಇವು ದೀರ್ಘಕಾಲದ ಪೋಷಣೆಯನ್ನು ಪಡೆದ ಆವೃತ್ತಿಗಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಕೂಡಿಸಿ ಮಾಡಿದವನಿಗೆ ತಪ್ಪು ಯಾವುದರಿಂದ ಬಂದಿತೆಂಬುದು ತಿಳಿಯದು.

ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರಿಕೆಯ ಮಾತುಗಳಿಗೆ ಕಿವಿಗೊಡಬೇಕು. ಜ್ಯಾಂಗೊ ಯಾವುದೊಂದು ಸೌಲಭ್ಯವನ್ನೂ ಏಕಾಏಕಿ ಕಿತ್ತುಹಾಕುವುದಿಲ್ಲ. ವಿಳಾಸಗಳನ್ನು ಹೊಂದಿಸುವ ‘ಯುಆರ್‌ಎಲ್’ ಎಂಬ ಹಳೆಯ ವಿಧಿಯು 2021ರ 4.0ರಲ್ಲಿ ಹೋಯಿತು, ಹೋಗುವುದೆಂಬ ಸೂಚನೆಯು 2020ರ 3.1ರಿಂದಲೇ ಬರುತ್ತಿತ್ತು. ಸೂಚನೆಯನ್ನು ಓದದವರು ಅನ್ಯಾಯವೆಂದು ಕೂಗುವುದು ಉಚಿತವಲ್ಲ.

ಇದಕ್ಕೆ ವಿರುದ್ಧವಾದ ಧರ್ಮವನ್ನು ಪಾಲಿಸುವ ಇನ್ನೊಂದು ಸಂಸ್ಥೆಯಿದೆ. ಯೂನಿಕೋಡಿನಲ್ಲಿ ಕನ್ನಡದ ೞಕಾರಕ್ಕೂ ಒಂದು ಸ್ಥಾನವುಂಟು. ಆದರೆ ಅದರ ಅಧಿಕೃತ ಇಂಗ್ಲಿಷ್ ನಾಮವು ಪ್ರಮಾದದಿಂದ ‘ಕನ್ನಡ ಲೆಟರ್ ಫ’ ಎಂದು ದಾಖಲಾಯಿತು. ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಾಯಿಸುವುದಿಲ್ಲವೆಂಬುದು ಆ ಸಂಸ್ಥೆಯ ಪ್ರತಿಜ್ಞೆ. ಆದುದರಿಂದ ತಪ್ಪೆಂದು ತಿಳಿದ ಮೇಲೆಯೂ ಆ ಹೆಸರು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದ್ದಾರೆ. ಪೈಥಾನಿನವರು ಸತ್ಯಕ್ಕಾಗಿ ಮಾತನ್ನು ಮುರಿದರು. ಯೂನಿಕೋಡಿನವರು ಮಾತಿಗಾಗಿ ತಪ್ಪನ್ನು ಸಹಿಸಿದರು. ಎರಡೂ ಅವರವರ ಸ್ಥಾನದಲ್ಲಿ ನ್ಯಾಯವೇ. ಯಾವ ತಪ್ಪು ಬಳಸುವವರ ಕೆಲಸವನ್ನು ದಿನದಿನವೂ ಕೆಡಿಸುವುದೋ ಅದನ್ನು ತಿದ್ದಬೇಕು; ಯಾವುದರಿಂದ ಯಾರ ಕೆಲಸವೂ ಕೆಡದೆ, ತಿದ್ದುವುದರಿಂದಲೇ ಕೆಡುವುದೋ ಅದನ್ನು ಟಿಪ್ಪಣಿಯೊಡನೆ ಉಳಿಸಬೇಕು.

ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ಬರೆದನು. ಅವೆರಡನ್ನೂ ಪತಂಜಲಿಯು ಭಾಷ್ಯದಲ್ಲಿ ವಿಮರ್ಶಿಸಿದನು. ಈ ಮೂವರಲ್ಲಿ ಮತಭೇದ ಬಂದರೆ ನಂತರದವನ ಮಾತೇ ಹೆಚ್ಚು ಪ್ರಮಾಣವೆಂಬುದು ಶಾಸ್ತ್ರಸಂಪ್ರದಾಯ. ಆದರೂ ಅದಕ್ಕಾಗಿ ಸೂತ್ರಪಾಠವನ್ನು ಯಾರೂ ಹರಿದೊಗೆಯಲಿಲ್ಲ. ವಿದ್ಯಾರ್ಥಿಯು ಈಗಲೂ ಸೂತ್ರದಿಂದಲೇ ಆರಂಭಿಸುತ್ತಾನೆ. ಹಿಂದಿನವನು ಏನು ಹೇಳಿದನು, ಮುಂದಿನವನು ಏಕೆ ತಿದ್ದಿದನು ಎಂಬೆರಡನ್ನೂ ಬಲ್ಲವನಿಗೆ ತಿದ್ದುಪಡಿಯ ಭಯವಿಲ್ಲ. ವಾಚನಾಲಯದ ಪಟ್ಟಿಯನ್ನು ಕಾಯುವ ತರುಣನೂ ತಾನು ಬದಲಾಯಿಸಿದುದೇನು, ಏಕೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಟ್ಟು ಹೋದರೆ, ಅವನ ಅನಂತರ ಬರುವವನು ಕತ್ತಲೆಯಲ್ಲಿ ತಡವರಿಸಬೇಕಾಗುವುದಿಲ್ಲ. ರಾಯರಂತಹ ಹಿರಿಯರು ಪುಸ್ತಕಗಳು ಹೋದವೆಂದು ಇನ್ನೊಮ್ಮೆ ಎದೆಗುಂದಬೇಕಾಗುವುದಿಲ್ಲ.