ಭಾರ ಹೊತ್ತಾಗ ಬರೋ ತಲೆನೋವು

ಈ ಸಲ ಬೆಳೆ ವಿಷಯ ಅಲ್ಲ, ತಲೆ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ತೆಂಗಿಗೆ ಗೊಬ್ಬರ ಹಾಕೋ ಕಾಲ ಬಂತು ಅಂದ್ರೆ ನಮ್ಮ ಕಡೆ ಸಂಜೆ ಹೊತ್ತು ತಲೆ ಹಿಡ್ಕೊಂಡು ಕೂರೋರು ಮನೆಗೊಬ್ರು ಸಿಗ್ತಾರೆ. ಕೇಳಿದ್ರೆ ಬಿಸಿಲು ಅಂತಾರೆ, ಪಿತ್ತ ಅಂತಾರೆ, ಅಜ್ಜಿ ಇರೋ ಮನೆ ಆದ್ರೆ ದೃಷ್ಟಿ ಅಂತಾರೆ. ಟವೆಲ್ ಬಿಗಿದು, ಅಂಗಡೀಲಿ ಸಿಗೋ ಮಾತ್ರೆ ನುಂಗಿ ಮಲಗೋದು. ಬೆಳಿಗ್ಗೆ ಎದ್ದು ಮತ್ತೆ ಅದೇ ಚೀಲ.

ನನಗೆ ಬಂದದ್ದು ಎರಡು ವರ್ಷದ ಹಿಂದೆ, ಟ್ರ್ಯಾಕ್ಟರ್‌ನಿಂದ ಗೊಬ್ಬರದ ಚೀಲ ಇಳಿಸುವಾಗ. ಹತ್ತು ಹನ್ನೆರಡು ಚೀಲ ಆಗಿರಬೇಕು, ಎರಡೂ ಕಪಾಲ ಒಳಗಿಂದ ಒನಕೆ ಹಾಕಿದ ಹಾಗೆ ಕುಟ್ಟೋಕೆ ಶುರುವಾಯ್ತು. ನಾಡಿ ಒಂದ್ಸಲ ಹೊಡೆದ್ರೆ ನೋವು ಒಂದ್ಸಲ. ಕೂತೆ, ಒಂದು ಗಂಟೇಲಿ ಇಳೀತು. ನಾಲ್ಕು ದಿನ ಬಿಟ್ಟು ಅದೇ ಕೆಲಸ, ಅದೇ ನೋವು. ನನಗೆ ಆಗ 53. ಅಲ್ಲಿವರೆಗೂ ತಲೆನೋವು ಅಂದ್ರೆ ಏನು ಅಂತಾನೇ ಗೊತ್ತಿರದ ಮನುಷ್ಯ. ಮಾರನೇ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಕೇಳಿದ ಮೊದಲನೇ ಪ್ರಶ್ನೆ 'ಎಲ್ಲಿ ನೋವು' ಅಂತ ಅಲ್ಲ. 'ಬಂದಾಗ ಏನ್ ಮಾಡ್ತಿದ್ರಿ, ಎಷ್ಟು ನಿಮಿಷದಲ್ಲಿ ಜೋರಾಯ್ತು' ಅಂತ. ಮೈ ಬಗ್ಗಿಸಿ ಭಾರಿ ಕೆಲಸ ಮಾಡುವಾಗ, ಇಲ್ಲಾ ಮಾಡಿ ಮುಗಿಸಿದ ಮೇಲೆ ಬರೋ ತಲೆನೋವು ಅಂತಾನೇ ಒಂದು ಜಾತಿ ಇದೆಯಂತೆ. ಕೆಲವು ನಿಮಿಷ ಇರಬಹುದು, ಎರಡು ದಿನದವರೆಗೂ ಎಳೀಬಹುದು. ಬಿಸಿಲಲ್ಲಿ ಜಾಸ್ತಿ. ಓಡೋರಿಗೆ, ಜಿಮ್‌ನಲ್ಲಿ ಭಾರ ಎತ್ತೋರಿಗೂ ಬರುತ್ತೆ. ಬಹಳ ಜನರಲ್ಲಿ ಅಪಾಯ ಇಲ್ಲ. 'ಆದ್ರೆ 50 ದಾಟಿದ ಮೇಲೆ ಮೊದಲನೇ ಸಲ ಬಂದ್ರೆ, ನೋಡದೇ ಅಪಾಯ ಇಲ್ಲ ಅಂತ ನಾನು ಹೇಳಲ್ಲ' ಅಂದ್ರು.

ಬಿಪಿ ನೋಡಿದ್ರು, ಇಸಿಜಿ ತೆಗೆದ್ರು. ತಲೆನೋವಿಗೆ ಎದೆ ಯಾಕಮ್ಮಾ ನೋಡ್ತೀರಿ ಅಂದೆ. ದುಡಿಯುವಾಗ ಹೃದಯಕ್ಕೆ ರಕ್ತ ಸಾಲದೇ ಹೋದ್ರೆ, ಅಪರೂಪಕ್ಕೆ ಕೆಲವರಲ್ಲಿ ಅದು ಎದೆನೋವಾಗದೆ ತಲೆನೋವಾಗಿ ಕಾಣಿಸುತ್ತಂತೆ. ನನಗೆ ಇದು ಹೊಸ ವಿಷಯ. ಆಮೇಲೆ ತಲೆ ಸ್ಕ್ಯಾನ್‌ಗೆ ಜಿಲ್ಲಾ ಕೇಂದ್ರಕ್ಕೆ ಬರೆದುಕೊಟ್ರು. ರಿಪೋರ್ಟ್ ಕೈಗೆ ಬರೋಕೆ ಎರಡು ದಿನ. ಆ ಎರಡು ರಾತ್ರಿ ಸೊಸೈಟಿ ಸಾಲ, ಕಿರಿ ಮಗಳ ಕಾಲೇಜು, ಇನ್ನೂ ಫಸಲಿಗೆ ಬಾರದ ತೆಂಗಿನ ಸಸಿ, ಎಲ್ಲಾ ಕಣ್ಮುಂದೆ ಬಂದು ಹೋದ್ವು. ದೇವರ ದಯೆ, ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಬಿಪಿ ಸ್ವಲ್ಪ ಏರಿತ್ತು, ಅದಕ್ಕೆ ಮಾತ್ರೆ ನಡೀತಿದೆ.

ಈಗ ನಾನು ಕೆಲಸ ಮಾಡೋ ಕ್ರಮ ಹೇಳ್ತೀನಿ. ತೋಟಕ್ಕೆ ಹೋದ ತಕ್ಷಣ ಚೀಲಕ್ಕೆ ಕೈ ಹಾಕಲ್ಲ. ಹತ್ತು ಹದಿನೈದು ನಿಮಿಷ ಬದು ಸುತ್ತಿ, ಡ್ರಿಪ್ ಪೈಪ್ ನೋಡಿ, ಬಿದ್ದ ಗರಿ ಎಳೆದು ಹಾಕಿ, ಮೈ ಬಿಸಿಯಾದ ಮೇಲೆ ಭಾರದ ಕೆಲಸ. ಎತ್ತಿಗೆ ನೊಗ ಹಾಕಿದ ಕೂಡಲೇ ಓಡಿಸ್ತೀವಾ? ಇನ್ನೊಂದು, ಉಸಿರು. ಭಾರ ಎತ್ತುವಾಗ ನಾವೆಲ್ಲ ಉಸಿರು ಬಿಗಿ ಹಿಡೀತೀವಿ, ಆಗ ತಲೆಯೊಳಗೆ ಒತ್ತಡ ಏರುತ್ತೆ. ಎತ್ತುತ್ತಾ ಉಸಿರು ಬಿಡಬೇಕು. ಹಿಂದೆ 'ಐಸಾ' ಅಂತ ಕೂಗ್ತಾ ಎತ್ತುತ್ತಿದ್ರಲ್ಲ, ಕೂಗಿದ್ರೆ ಉಸಿರು ತಾನೇ ಹೊರಗೆ ಬರುತ್ತೆ. ಯೂರಿಯಾ ಚೀಲ 45 ಕೆಜಿ, ಡಿಎಪಿ 50. ಇಬ್ಬರು ಹಿಡಿದ್ರೆ ಯಾರ ಮೀಸೆಯೂ ಉದುರಲ್ಲ. ನಾನಂತೂ ತಳ್ಳುಗಾಡಿ ತಗೊಂಡಿದ್ದೀನಿ. ಖಾಲಿ ಹೊಟ್ಟೇಲಿ ದುಡಿಯಲ್ಲ, ಭಾರದ ಕೆಲಸ ಹತ್ತು ಗಂಟೆಗೆ ಬಂದ್. ಇಷ್ಟಕ್ಕೇ ನನಗೆ ಬಹುಪಾಲು ನಿಂತಿದೆ. ಇಷ್ಟೆಲ್ಲಾ ಮಾಡಿಯೂ ಬರ್ತಾನೇ ಇದ್ರೆ ಕೆಲಸಕ್ಕೆ ಮುಂಚೆ ತಗೊಳ್ಳೋ ಮಾತ್ರೆ ಇದೆ, ಆದ್ರೆ ಅದು ಹೊಟ್ಟೆ, ಕಿಡ್ನಿ ನೋಡಿ ಡಾಕ್ಟರೇ ಕೊಡಬೇಕು.

ನೀರಿನ ವಿಷಯಕ್ಕೆ ಬರ್ತೀನಿ. ಕಳೆ ಕೀಳೋಕೆ ಬರೋ ಹೆಣ್ಮಕ್ಕಳಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತೆ, ಎಲ್ಲರಿಗೂ ಗೊತ್ತಿರೋದೇ. ಬಿಂದಿಗೆ ತುಂಬಾ ನೀರಿದ್ರೂ ಕುಡಿಯಲ್ಲ. ಯಾಕೆ ಅಂತ ನಮ್ಮನೆಯವಳು ಬಿಡಿಸಿ ಹೇಳಿದ್ಲು: 'ಕುಡಿದ್ರೆ ಹೋಗೋಕೆ ಜಾಗ ಎಲ್ಲೈತ್ರೀ? ಈ ಕಡೆ ರೋಡು, ಆ ಕಡೆ ನಿಮ್ಮ ಗಂಡಾಳು.' ಬೇಲಿ ಕಳ್ಳಿ, ಲಂಟಾನ ಎಲ್ಲ ಜೆಸಿಬಿ ತಂದು ಸವರಿ ಹಾಕಿದ್ದೀವಿ, ಮರೆ ಅನ್ನೋದೇ ಉಳಿದಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದೋರು ಸಂಜೆ ಮನೆ ಸೇರೋವರೆಗೂ ತಡ್ಕೊಂಡು ಇರ್ತಾರೆ. ಪಂಪ್‌ಸೆಟ್ ಮನೆ ಹಿಂದೆ ತೆಂಗಿನ ಗರಿ ಹೆಣೆದು ಮೂರು ಕಡೆ ತಡಿಕೆ ಕಟ್ಟಿ, ಒಂದು ಬಕೆಟ್ ನೀರು ಇಟ್ಟೆ. ಅರ್ಧ ದಿನದ ಕೆಲಸ, ಖರ್ಚು ಏನೂ ಇಲ್ಲ. ಈಗ ಹನ್ನೊಂದು ಗಂಟೆಗೆ ಬಿಂದಿಗೆ ಖಾಲಿ. ತಲೆನೋವು ಅಂತ ಸೆರಗು ಬಿಗಿದು ಕೂರೋರು ಕಮ್ಮಿ ಆಗಿದ್ದಾರೆ. ಕೂಲಿ ಕೊಡೋ ಪ್ರತಿಯೊಬ್ರೂ ಇದನ್ನ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಬೇಜಾರಾದ್ರೆ ಆಗ್ಲಿ.

ಔಷಧಿ ಹೊಡೆಯುವಾಗ ಬರೋ ತಲೆನೋವು ಬೇರೆ, ಅದನ್ನ ದುಡಿಮೆ ಲೆಕ್ಕಕ್ಕೆ ಹಾಕಬೇಡಿ. ತಲೆನೋವಿನ ಜೊತೆ ಬೆವರು ಕಿತ್ಕೊಂಡು ಬರೋದು, ಜೊಲ್ಲು, ಕಣ್ಣಲ್ಲಿ ನೀರು, ಮಂಜು, ವಾಂತಿ ಇದ್ರೆ ವಿಷ ಮೈಗೆ ಇಳಿದಿದೆ ಅಂತಲೇ ತಿಳೀರಿ. ಸ್ಪ್ರೇಯರ್ ಇಳಿಸಿ, ಬಟ್ಟೆ ಕಳಚಿ, ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ. ಔಷಧಿ ಡಬ್ಬ ಜೊತೇಲಿ ಒಯ್ಯಿರಿ, ಅದರ ಮೇಲಿನ ಹೆಸರು ಡಾಕ್ಟರಿಗೆ ಬೇಕು.

ಬಿಸಿಲಲ್ಲಿ ತಲೆನೋವು ಬಂದು ಮೈ ಕೆಂಡ ಆಗಿ, ಮಾತು ಅಡ್ಡಾದಿಡ್ಡಿ ಆಯ್ತು ಅಂದ್ರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರೀತಾ 108ಕ್ಕೆ ಫೋನ್ ಮಾಡಿ.

ಎಲ್ಲಕ್ಕಿಂತ ಕೆಟ್ಟದ್ದು ಸಿಡಿಲು ಬಡಿದ ಹಾಗೆ ಒಂದೇ ನಿಮಿಷದೊಳಗೆ ತುದಿಗೇರೋ ನೋವು. ಜನ್ಮದಲ್ಲಿ ಇಂಥದ್ದು ಕಂಡಿಲ್ಲ ಅನ್ನೋ ಹಾಗಿರುತ್ತೆ. ಕತ್ತು ಸೆಟೆದುಕೊಂಡ್ರೆ, ಒಂದು ಎರಡಾಗಿ ಕಂಡ್ರೆ, ಪ್ರಜ್ಞೆ ತಪ್ಪಿದ್ರೆ, ನಾಲಿಗೆ ತೊದಲಿದ್ರೆ, ಒಂದು ಕೈ ಜೋತು ಬಿದ್ರೂ ಅಷ್ಟೇ. ಮೆದುಳಲ್ಲಿ ರಕ್ತ ಸೋರಿರಬಹುದು. ಮಾತ್ರೆ ಬೇಡ, ಸ್ವಲ್ಪ ಮಲಗಿ ನೋಡೋಣ ಅನ್ನೋದು ಬೇಡ, ಬೈಕ್ ಹಿಂದೆ ಕೂರಿಸೋದೂ ಬೇಡ. 108.

ಅಂಗಡಿ ಮಾತ್ರೆ ಬಗ್ಗೆ ಒಂದು ಮಾತು. ತಿಂಗಳಲ್ಲಿ ಹದಿನೈದು ದಿನ ನೋವಿನ ಮಾತ್ರೆ ನುಂಗೋ ಅಭ್ಯಾಸ ಬಿದ್ರೆ ಆ ಮಾತ್ರೆಯೇ ತಲೆನೋವು ತರುತ್ತಂತೆ. ಬೆವರು ಸುರಿಸಿ ಮೈ ಒಣಗಿರುವಾಗ ಕೆಲವು ನೋವಿನ ಮಾತ್ರೆ ಕಿಡ್ನಿಗೂ ಪೆಟ್ಟು ಕೊಡುತ್ತವೆ.

ತಡಿಕೆ ಕಟ್ಟಿರೋದನ್ನ ನೋಡಬೇಕು ಅನ್ನೋರು ತೋಟದ ಕಡೆ ಬನ್ನಿ, ಬೆಳಿಗ್ಗೆ ಅಲ್ಲೇ ಇರ್ತೀನಿ. ಮುಂದಿನ ವಾರ ರಾಗಿ ಬಿತ್ತನೆ ಬಗ್ಗೆ ಬರೀತೀನಿ.