ಕೈಗಾದ ಗುಮ್ಮಟ

1994ರ ಮೇ 13ರಂದು ಕೈಗಾದಲ್ಲಿ ನಿರ್ಮಾಣ ಹಂತದ ಅಣುಸ್ಥಾವರದ ಕಾಂಕ್ರೀಟ್ ಗುಮ್ಮಟ ಕುಸಿಯಿತು. ಇಂಧನ ತುಂಬಿರಲಿಲ್ಲ, ಪುಣ್ಯ. ಜೂನ್‌ನಲ್ಲಿ ಶಾಲೆ ತೆರೆದಾಗ ಬಸವಾಪಟ್ಟಣದ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ: “ಸಾರ್, ಕಟ್ಟಿದವರೇ ಪರೀಕ್ಷೆ ಮಾಡ್ತಾರಾ?”

“ಇಲ್ಲಪ್ಪ, ಅದಕ್ಕೆಂದೇ 1983ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಗಿದೆ” ಎಂದು ಹೇಳಿ ಬೀಗಿದೆ.

ಆ ಮಂಡಳಿ ಉತ್ತರಿಸಬೇಕಾಗಿದ್ದುದು ಅಣುವಿದ್ಯುತ್ ಬೆಳೆಸುವ ಹೊಣೆ ಹೊತ್ತ ಅಣುಶಕ್ತಿ ಆಯೋಗಕ್ಕೇ ಎಂಬುದನ್ನು ನಾನು ಅರಿತಿರಲಿಲ್ಲ. 2012ರಲ್ಲಿ ಮಹಾಲೇಖಪಾಲರ ವರದಿ ಮಂಡಳಿಗೆ ಸ್ವಾತಂತ್ರ್ಯವಿಲ್ಲವೆಂದು ಆಕ್ಷೇಪಿಸಿತು. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷತಾ ತಂಡವೂ ಆಯಾ ದೇಶ ಆಹ್ವಾನಿಸಿದರಷ್ಟೇ ಬರುತ್ತದೆ. ಅದೇ 2012ರಲ್ಲಿ ರಾಜಸ್ಥಾನದ ಸ್ಥಾವರಕ್ಕೆ ಹಾಗೆ ಬಂದಿತ್ತು.

ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಉತ್ತರಪತ್ರಿಕೆಗಳನ್ನೇ ನಮ್ಮ ಕೈಗೆ ಕೊಡುತ್ತಿರಲಿಲ್ಲ, ಬೇರೆಡೆಯವರು ತಿದ್ದುತ್ತಿದ್ದರು! ಆ ಹುಡುಗ ಈಗೆಲ್ಲಿರುವನೋ. ಸಿಕ್ಕರೆ ನನ್ನ ಉತ್ತರವನ್ನು ತಿದ್ದಬೇಕಾಗಿದೆ.