ಫುಲೇರಾದ ಟ್ಯಾಂಕಿನಲ್ಲಿ ನೀರಿದೆಯೇ?

‘ಪಂಚಾಯತ್’ ಧಾರಾವಾಹಿ ನೋಡಿದವರಿಗೆಲ್ಲ ಆ ನೀರಿನ ಟ್ಯಾಂಕು ನೆನಪಿರುತ್ತದೆ. ಫುಲೇರಾ ಊರಿಗೆ ಸೆಕ್ರೆಟರಿಯಾಗಿ ಬಂದ ಅಭಿಷೇಕ್ ತ್ರಿಪಾಠಿ ಮೊದಲ ಸೀಸನ್ನಿನ ಕೊನೆಗೆ ಅದನ್ನು ಹತ್ತುತ್ತಾನೆ, ಪ್ರಧಾನರ ಮಗಳು ರಿಂಕಿ ಅಲ್ಲಿ ಸಿಗುತ್ತಾಳೆ. ಅಲ್ಲಿಂದ ಮುಂದೆ ಪ್ರೀತಿಯ ಮಾತೆಲ್ಲ ಟ್ಯಾಂಕಿನ ಮೇಲೆಯೇ. ನಮ್ಮ ಗಿಲ್ಲೆಸುಗೂರಿನ ಕಡೆ ಹುಡುಗರು ಇದನ್ನು ಮೊಬೈಲಿನಲ್ಲಿ ನೋಡುತ್ತಾರೆ. ರಾಯಚೂರಿನ ಬಜಾರದ ಉರ್ದು ಕೇಳಿ ಬೆಳೆದವರಿಗೆ ಆ ಹಿಂದಿಯೇನೂ ತೊಡಕಲ್ಲ. ‘ನಮ್ಮ ಪಂಚಾಯ್ತಿನೂ ಥೇಟ್ ಹಿಂಗ ಐತ್ರಿ’ ಎಂದು ನಗುತ್ತಾರೆ. ನಾನೂ ನಾಲ್ಕೂ ಸೀಸನ್ ನೋಡಿದೆ, ಹೊಟ್ಟೆ ತುಂಬ ನಕ್ಕೆ. ಆದರೆ ಒಂದು ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಸಿಕ್ಕಿಕೊಂಡಿದೆ: ಆ ಟ್ಯಾಂಕಿನಲ್ಲಿ ನೀರಿದೆಯೇ?

ಫುಲೇರಾದ ಜನ ಸೋಲಾರ್ ದೀಪದ ಕಂಬಕ್ಕೆ ಜಗಳಾಡುತ್ತಾರೆ, ಚಕ್ರದ ಆಫೀಸು ಕುರ್ಚಿಗೆ ಮುನಿಸಿಕೊಳ್ಳುತ್ತಾರೆ, ರಸ್ತೆಗೆ, ಆವಾಸ್ ಮನೆಗೆ ಪಟ್ಟು ಹಿಡಿಯುತ್ತಾರೆ. ಎಲ್ಲವೂ ಖರೆ, ಎಲ್ಲವೂ ನಮ್ಮಲ್ಲೂ ಉಂಟು. ಆದರೆ ಕೊಡ ಹಿಡಿದು ನಳದ ಮುಂದೆ ಕೂತು ಬೆಳಗು ಕಳೆಯುವ ಹೆಂಗಸು ಆ ಕಥೆಯ ನಡುವಿನಲ್ಲಿ ನನಗೆ ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ಪಂಚಾಯ್ತಿ ಎಂದರೆ ಮೊದಲು ನೀರು, ಆಮೇಲೆ ಉಳಿದದ್ದು. ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ, ನಡುವೆ ಕುಡಿಯುವ ನೀರಿಗೆ ಪರದಾಟ. ಬೇಸಿಗೆಯಲ್ಲಿ ತಳ್ಳುಬಂಡಿಯ ಕಬ್ಬಿಣದ ಚೌಕಟ್ಟಿನೊಳಗೆ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಕೂರಿಸಿ ಎಳೆದೊಯ್ಯುವ ಮಕ್ಕಳನ್ನು ರಾಯಚೂರು ಜಿಲ್ಲೆಯ ಯಾವ ರಸ್ತೆಯಲ್ಲಾದರೂ ನೋಡಬಹುದು.

ಧಾರಾವಾಹಿ ಬರೆದವರು ಒಬ್ಬ ಮನುಷ್ಯನನ್ನು ಮರೆತರು: ವಾಟರ್‌ಮನ್. ನಮ್ಮ ಪಂಚಾಯ್ತಿಗಳಲ್ಲಿ ಪಿಡಿಒ ಇಲ್ಲದಿದ್ದರೂ ದಿನ ನಡೆಯುತ್ತದೆ, ವಾಟರ್‌ಮನ್ ಇಲ್ಲದಿದ್ದರೆ ನಡೆಯುವುದಿಲ್ಲ. ನಸುಕಿನಲ್ಲಿ ಕರೆಂಟು ಬಂದ ಕೂಡಲೇ ಎದ್ದು ಮೋಟಾರು ಹಾಕುತ್ತಾನೆ. ಟ್ಯಾಂಕು ತುಂಬಿದ ಮೇಲೆ ಉದ್ದನೆಯ ಕಬ್ಬಿಣದ ಚಾವಿ ಹೆಗಲಿಗೇರಿಸಿ ಓಣಿಗೆ ಬರುತ್ತಾನೆ. ನೆಲದೊಳಗಿನ ಗುಂಡಿಯ ಕಲ್ಲು ಸರಿಸಿ, ಚಾವಿ ಇಳಿಬಿಟ್ಟು, ಎರಡು ಸುತ್ತು ತಿರುಗಿಸುತ್ತಾನೆ. ನಳದಲ್ಲಿ ಮೊದಲು ಬುಸ್ಸೆಂದು ಗಾಳಿ ಬರುತ್ತದೆ. ಆಮೇಲೆ ಕೆಂಪು ನೀರು. ಅದನ್ನು ಮುಸುರೆ ತಿಕ್ಕಲು ಹಿಡಿಯುತ್ತಾರೆ. ತಿಳಿ ನೀರು ಬರುವ ಹೊತ್ತಿಗೆ ಅವನ ಮೊಬೈಲು ಬಡಿದುಕೊಳ್ಳತೊಡಗುತ್ತದೆ: ‘ಯಣ್ಣಾ, ನಮ್ಮ ಓಣಿಗೆ ಯಾವಾಗ ಬಿಡ್ತೀಪಾ?’

ಯಾವ ಓಣಿ ಏರಿನಲ್ಲಿದೆ, ಯಾವ ಮನೆಯವರು ಪೈಪಿಗೆ ಕಳ್ಳ ಮೋಟಾರು ಕೂಡಿಸಿದ್ದಾರೆ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತಿ, ಎಲ್ಲ ಅವನ ತಲೆಯಲ್ಲಿದೆ. ಆ ಪೈಪು ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತು. ಬಹಳ ಊರುಗಳಲ್ಲಿ ಅದು ಮುಗಿಯುವುದು ದಲಿತರ ಕೇರಿಯಲ್ಲಿ. ಮುಂದಿನವರು ಹಿಡಿದು ಉಳಿದರೆ ಅವರಿಗೆ. ತುಂಗಭದ್ರಾ ಎಡದಂಡೆ ಕಾಲುವೆಗೆ ರಾಯಚೂರು ತಾಲ್ಲೂಕು ಕೊನೆ ಭಾಗ. ಮೇಲಿನವರು ನೀರು ತಿರುಗಿಸಿಕೊಂಡು ನಮ್ಮ ಬೆಳೆ ಒಣಗಿದಾಗ ನಾವು ರಸ್ತೆಗಿಳಿದು ಕೂಗುತ್ತೇವೆ, ಅದು ನ್ಯಾಯವೇ. ಊರೊಳಗಿನ ಕೊನೆ ಭಾಗದ ಕೂಗು ಮಾತ್ರ ನಮಗೆ ಕೇಳಿಸುವುದಿಲ್ಲ. ಪಂಚಾಯ್ತಿ ಎಂಬುದೊಂದು ಇರಬೇಕಾದದ್ದೇ ಅದನ್ನು ಕೇಳಿಸುವುದಕ್ಕೆ.

ಇದನ್ನು ಬಲ್ಲವರೊಬ್ಬರು ನಮ್ಮ ರಾಜ್ಯದಲ್ಲಿದ್ದರು. ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಊರೂರಿಗೆ ಬೋರಿಂಗು ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ 1983ರ ಕಾಯಿದೆಯ ಹಿಂದಿದ್ದವರೂ ಅವರೇ. 1987ರ ಜನವರಿಯಲ್ಲಿ ಅದರಂತೆ ಚುನಾವಣೆ ನಡೆಯಿತು, ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿತ್ತು. ಇಡೀ ದೇಶಕ್ಕೆ ಪಂಚಾಯತ್ ರಾಜ್ ತಂದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ನೀರು ಕೊಟ್ಟ ಕೈಯೇ ಅಧಿಕಾರವನ್ನೂ ಊರಿಗೆ ಹಂಚಿದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ. ನೀರು ಬಾರದಿದ್ದರೆ ಬೈಯಲು ಒಬ್ಬರು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಬೆಂಗಳೂರಿನ ಮಂತ್ರಿಯನ್ನು ಬೈದರೆ ಗಾಳಿಗೆ ಬೈದಂತೆ. ಓಣಿಯ ಮೆಂಬರನನ್ನು ಬೈದರೆ ಅವನು ಮರುದಿನ ಅದೇ ಹೋಟೆಲಿನಲ್ಲಿ ನಮ್ಮ ಎದುರಿಗೇ ಚಹಾ ಕುಡಿಯಬೇಕು.

ಆ ಬೈಗುಳವೂ ಸಾಲದೆ ಹೋದ ದಿನಗಳಿವೆ. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಂದು ಮಗು ತೀರಿಕೊಂಡಿತು. ಅದರ ಹಿಂದಿನ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ಕೊಳಾಯಿ ನೀರು ಜೀವ ತೆಗೆದಿತ್ತು. ಟ್ಯಾಂಕು ತೊಳೆಯುವುದು, ಒಡೆದ ಪೈಪು ಕಟ್ಟುವುದು, ಚರಂಡಿಯ ಪಕ್ಕದ ವಾಲ್ವು ಸರಿಸುವುದು ಅಂಥ ದೊಡ್ಡ ವಿಜ್ಞಾನವೇನಲ್ಲ. ಆದರೆ ತೊಳೆಯಬೇಕಾದವನಿಗೆ ಎಷ್ಟೋ ಕಡೆ ತಿಂಗಳುಗಟ್ಟಲೆ ಪಗಾರವಿರುವುದಿಲ್ಲ. 2019ರಲ್ಲಿ ಬಂದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿತು. ಮನೆಮನೆಗೆ ನಳ ಬಂದವು, ಸಿಸಿ ರಸ್ತೆ ಅಗೆದ ಗುಂಡಿಗಳೂ ಬಂದವು. ಚಾವಿ ತಿರುಗಿಸುವವನ ಹೊಟ್ಟೆಯ ಲೆಕ್ಕ ಯಾರೂ ಹಾಕಲಿಲ್ಲ.

ಇಷ್ಟು ಹೇಳಿದ ಮೇಲೂ ಆ ಧಾರಾವಾಹಿಯ ಮೇಲೆ ನನಗೆ ಪ್ರೀತಿಯಿದೆ. ಅರಳಿಕಟ್ಟೆ, ಮೀಸೆಯ ಗೌಡ, ಅಳುವ ಹುಡುಗಿ ಇವೇ ಹಳ್ಳಿ ಎಂದುಕೊಂಡಿದ್ದ ಪರದೆಗೆ ಪಂಚಾಯ್ತಿ ಆಫೀಸಿನ ಬೀಗ, ರಿಜಿಸ್ಟರು, ಕಂಪ್ಯೂಟರು ಕಂಡವಲ್ಲ! ತಮಿಳಿನಲ್ಲಿ ‘ತಲೈವೆಟ್ಟಿಯಾನ್ ಪಾಳಯಂ’ ಆಗಿ, ತೆಲುಗಿನಲ್ಲಿ ‘ಸಿವರಪಲ್ಲಿ’ ಆಗಿ ಅದು ನಮ್ಮ ಗಡಿಯವರೆಗೂ ಬಂತು. ಒಂದು ಸಂಗತಿಯನ್ನಂತೂ ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಗೆದ್ದವಳು ಮಂಜು ದೇವಿ, ಪ್ರಧಾನಗಿರಿ ಮಾಡುವವನು ಗಂಡ. ನಾಲ್ಕನೇ ಸೀಸನ್ನಿನಲ್ಲಿ ಆಕೆಯನ್ನು ಸೋಲಿಸಿದ ಕ್ರಾಂತಿ ದೇವಿಯ ಹಿಂದೆಯೂ ಗಂಡನೇ. 2025ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವೇ ‘ಅಸಲಿ ಪ್ರಧಾನ್ ಕೌನ್?’ ಎಂಬ ಕಿರುಚಿತ್ರವನ್ನು, ಮಂಜು ದೇವಿಯಾಗಿ ನಟಿಸಿದ ಅದೇ ನೀನಾ ಗುಪ್ತಾ ಅವರನ್ನು ಹಾಕಿಕೊಂಡು ಮಾಡಿಸಬೇಕಾಯಿತು.

ನಮ್ಮ ರಾಜ್ಯದಲ್ಲಿ ಈಗ ಹೆಣ್ಣುಮಕ್ಕಳಿಗೆ ಅರ್ಧ ಸ್ಥಾನ. ಪಂಚಾಯ್ತಿಯ ಹಣ ಬಿಡಬೇಕಾದರೆ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೀಳಬೇಕು. ಆ ಸಹಿಗೆ ಹೆಬ್ಬೆರಳಿನಷ್ಟು ದೊಡ್ಡ ಡೋಂಗಲ್, ಅದರಲ್ಲಿ ಇಡೀ ಊರಿನ ನೀರು, ದೀಪ, ಪಗಾರ. ಅದು ಎಷ್ಟೋ ಊರುಗಳಲ್ಲಿ ಇರುವುದು ಅಧ್ಯಕ್ಷೆಯ ಗಂಡನ ಅಂಗಿ ಜೇಬಿನಲ್ಲಿ. ನೀರು ಬಾರದ ದಿನ ಮನೆಯಲ್ಲಿ ಯಾರ ನಡು ಮುರಿಯುತ್ತದೆ ಎಂಬುದು ಆ ಜೇಬಿಗೆ ತಿಳಿಯದು. ನಳದ ಮುಂದೆ ಕೂತವಳಿಗೆ ತಿಳಿದಿದೆ. ಕುರ್ಚಿಯಲ್ಲಿ ಕೂರಬೇಕಾದವಳಿಗೂ ತಿಳಿದಿದೆ, ಆಕೆಯೂ ಕೊಡ ಹೊತ್ತವಳೇ.

ಆ ಡೋಂಗಲ್ ಆಕೆಯ ಕೈಗೆ ಕೊಡಿ. ಮೊದಲ ಸಹಿ ವಾಟರ್‌ಮನ್ನಿನ ಪಗಾರದ ಮೇಲೆ ಬೀಳಲಿ.